ಯಾವ ಗಾಡಿ ಕೊಳ್ಳೋಣ? ಸಣ್ಣ ಸರಕು ವಾಹನಗಳ ಒಂದು ತುಲನೆ



ಮದ್ದೂರಿನ ಎಳನೀರು ಮಾರುಕಟ್ಟೆಯ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಸುತ್ತಲಿನ ನೂರಾರು ಹಳ್ಳಿಗಳ ತೋಟಗಳಿಂದ ಎಳನೀರು ಇಲ್ಲಿಗೆ ಬರುತ್ತದೆ. ಇಲ್ಲಿಂದ ದೊಡ್ಡ ಲಾರಿಗಳಲ್ಲಿ ಹೊರ ರಾಜ್ಯಗಳಿಗೂ ಹೋಗುತ್ತದೆ. ಆ ದೊಡ್ಡ ಲಾರಿಗಳನ್ನು ಎಲ್ಲರೂ ನೋಡುತ್ತಾರೆ. ತೋಟದಿಂದ ಮಾರುಕಟ್ಟೆಯವರೆಗೆ, ನಾಲೆಯ ಏರಿಯ ಮೇಲೆ, ಕೆಸರು ದಾಟಿಕೊಂಡು ಎಳನೀರನ್ನು ತಂದು ಸುರಿಯುವ ಚಿಕ್ಕ ಗಾಡಿಯ ಕಡೆಗೆ ಯಾರ ಗಮನವೂ ಅಷ್ಟಾಗಿ ಹರಿಯುವುದಿಲ್ಲ. ಇಂದಿನ ನನ್ನ ಮಾತು ಆ ಚಿಕ್ಕ ಗಾಡಿಯನ್ನು ಕುರಿತದ್ದು.

ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿ ವೈದ್ಯನಾಥಪುರವಿದೆ. ವೈದ್ಯನಾಥೇಶ್ವರನ ದೇವಾಲಯದಿಂದ ಊರಿಗೆ ಹೆಸರು. ಈ ಭಾಗದ ಯಾವುದೇ ಊರಿನಂತೆ ಇಲ್ಲಿಯೂ ತೆಂಗು, ಕಬ್ಬು, ಭತ್ತ, ಹಿಪ್ಪುನೇರಳೆ. ಇಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪಿ.ಯು.ಸಿ. ಮುಗಿಸಿದ ಹುಡುಗ, ಅವನ ಚಿಕ್ಕಪ್ಪ. ಇಬ್ಬರೂ ಸೇರಿ ಒಂದು ಸರಕು ಗಾಡಿ ಕೊಂಡು ಬಾಡಿಗೆಗೆ ಓಡಿಸಬೇಕೆಂದಿದ್ದಾರೆ. ಬ್ಯಾಂಕಿನಲ್ಲಿ ಸಾಲ ತೆಗೆಯಬೇಕು, ಮೊದಲ ಕಂತಿನ ಹಣಕ್ಕೆ ಮನೆಯ ಒಡವೆಯನ್ನು ಅಡವಿಡಬೇಕು. ಹುಡುಗ ಹೇಳುತ್ತಾನೆ: "ಚಿಕ್ಕಪ್ಪ, ಬೊಲೆರೊನೇ ತಗಳಣ, ನೋಡಕ್ಕೂ ಗತ್ತಾಗದೆ." ಚಿಕ್ಕಪ್ಪ ಹೇಳುತ್ತಾರೆ: "ಗತ್ತ್ ತಕ್ಕಂಡು ಏನ್ಲಾ ಮಾಡೀಯೆ? ಕಂತು ಕಟ್ಟೋರ್ ಯಾರು?" ಪಕ್ಕದ ಮನೆಯವರು ಬಂದು ಟಾಟಾ ಏಸ್ ಎನ್ನುತ್ತಾರೆ. ಭಾವಮೈದುನ ಅಶೋಕ್ ಲೇಲ್ಯಾಂಡ್ ದೋಸ್ತ್ ಎನ್ನುತ್ತಾನೆ. ನಮ್ಮಲ್ಲಿ ಕಂಪನಿಗಳಿಗೂ ಸಿನಿಮಾ ನಟರಿಗಿರುವಂತೆ ಅಭಿಮಾನಿಗಳಿದ್ದಾರೆ. ಅವರ ವಾದಕ್ಕೆ ಕೊನೆಯೆಂಬುದಿಲ್ಲ.

ಈ ವಾದವನ್ನು ಸ್ವಲ್ಪ ವಿಜ್ಞಾನದಿಂದ, ಸ್ವಲ್ಪ ಲೆಕ್ಕದಿಂದ, ಸ್ವಲ್ಪ ಕಾನೂನಿನಿಂದ ನೋಡಲು ಸಾಧ್ಯವೇ? ಸಾಧ್ಯ. ಅದಕ್ಕೆ ಮೊದಲು ಈ ಗಾಡಿಗಳು ನಮ್ಮ ಊರಿಗೆ ಬಂದ ದಾರಿಯನ್ನು ತಿಳಿಯಬೇಕು. ಏಕೆಂದರೆ ಪ್ರತಿಯೊಂದು ಕಂಪನಿಯ ಗಾಡಿಯ ಮೇಲೂ ಅದರ ಹುಟ್ಟಿನ ಗುರುತು ಇದ್ದೇ ಇರುತ್ತದೆ.

ಪಿಕಪ್ ಎಂಬ ಹೆಸರು ಅಮೆರಿಕದ್ದು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಪ್ರಸಿದ್ಧ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಒಂದು ಉಕ್ಕಿನ ಪೆಟ್ಟಿಗೆಯನ್ನು ಕೂಡಿಸಿ, 281 ಡಾಲರಿಗೆ ಮಾರಾಟಕ್ಕೆ ಇಟ್ಟಿತು. ಅದರ ಎಂಜಿನ್ನಿನ ಶಕ್ತಿ 20 ಅಶ್ವಶಕ್ತಿ ಮಾತ್ರ. ಅಲ್ಲಿಂದ ಅಮೆರಿಕದಲ್ಲಿ ಪಿಕಪ್ ಬೆಳೆಯುತ್ತಾ ಬೆಳೆಯುತ್ತಾ ಕೊನೆಗೆ ಮನೆಯವರೆಲ್ಲ ಕುಳಿತು ತಿರುಗಾಡುವ ದೊಡ್ಡ ಗಾಡಿಯೇ ಆಗಿಹೋಯಿತು. ಈ ಬೆಳವಣಿಗೆಯ ಹಿಂದೆ ಒಂದು ತಮಾಷೆಯ ಸಂಗತಿಯೂ ಇದೆ. 1960ರ ದಶಕದಲ್ಲಿ ಯೂರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೇರಿದವು. ಅದಕ್ಕೆ ಪ್ರತಿಯಾಗಿ ಅಮೆರಿಕ 1964ರಲ್ಲಿ ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳ ಮೇಲೆ ಶೇಕಡಾ 25ರ ಸುಂಕ ಹಾಕಿತು. ಕೋಳಿಯ ಜಗಳ ಎಂದೋ ಮರೆತುಹೋಯಿತು, ಟ್ರಕ್ಕಿನ ಸುಂಕ ಉಳಿಯಿತು. ಹೊರಗಿನ ಚಿಕ್ಕ ಅಗ್ಗದ ಪಿಕಪ್ಪುಗಳಿಗೆ ಬಾಗಿಲು ಮುಚ್ಚಿದ್ದರಿಂದ ಅಲ್ಲಿಯ ಕಂಪನಿಗಳು ದೊಡ್ಡ ಗಾಡಿಗಳನ್ನೇ ಮಾಡುತ್ತಾ ಸುಖವಾಗಿದ್ದವು.

ನಮ್ಮ ದೇಶದ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ಮೊದಲಿಗೆ ಎತ್ತಿನ ಗಾಡಿ ಮತ್ತು ದೊಡ್ಡ ಲಾರಿ, ಇವೆರಡರ ನಡುವೆ ಬಹುಮಟ್ಟಿಗೆ ಖಾಲಿ. ಆ ಖಾಲಿಯನ್ನು ತುಂಬಲು ಬಂದವುಗಳಲ್ಲಿ ಮೊದಲಿನವು ಬಜಾಜ್ ಟೆಂಪೊ ಕಂಪನಿಯ ಗಾಡಿಗಳು. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡರೂ, ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯ ಸಣ್ಣ ಸರಕು ಗಾಡಿಯಾದರೂ ಅದು 'ಟೆಂಪೊ' ತಾನೆ! 1980ರ ದಶಕದಲ್ಲಿ ನಾಲ್ಕು ಜಪಾನಿ ಕಂಪನಿಗಳು ನಾಲ್ಕು ಭಾರತೀಯ ಕಂಪನಿಗಳ ಕೈಹಿಡಿದು ಬಂದವು. ಡಿಸಿಎಂ ಟೊಯೋಟಾ, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್. ಇವುಗಳನ್ನು ಎದುರಿಸಲು ಟಾಟಾ ಕಂಪನಿ 1986ರಲ್ಲಿ 407 ಎಂಬ ಗಾಡಿಯನ್ನು ತಂದಿತು. ನಮ್ಮ ರಸ್ತೆಗೆ, ನಮ್ಮವರು ಹೇರುವ ಭಾರಕ್ಕೆ ತಕ್ಕಂತೆ ಗಟ್ಟಿಯಾಗಿ ಕಟ್ಟಿದ ಗಾಡಿ ಅದು. ಡಿಸಿಎಂ ಟೊಯೋಟಾ ಮತ್ತು ಆಲ್ವಿನ್ ನಿಸ್ಸಾನ್ ಆ ಹೆಸರಿನಲ್ಲಿ ಉಳಿಯಲಿಲ್ಲ. ಐಷರ್ ಉಳಿಯಿತು, ಬೆಳೆಯಿತು. ಅದರ ಗಾಡಿಗಿದ್ದ ಮಿತ್ಸುಬಿಷಿಯ 'ಕ್ಯಾಂಟರ್' ಎಂಬ ಹೆಸರು ಮಾತ್ರ ಕನ್ನಡದ ಪದವೇ ಆಗಿಬಿಟ್ಟಿತು. ಇಂದಿಗೂ ಮದುವೆ ದಿಬ್ಬಣಕ್ಕೆ, ಸಮಾವೇಶಕ್ಕೆ ಜನ 'ಕ್ಯಾಂಟರ್ ಮಾಡಿಕೊಂಡು' ಹೋಗುವುದುಂಟು. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ ಎಂಬುದು ಬೇರೆ ಮಾತು.

ಆದರೆ ಕ್ಯಾಂಟರ್ ಆಗಲಿ 407 ಆಗಲಿ ಸಣ್ಣ ರೈತನ ಕೈಗೆಟುಕುವಂಥವಲ್ಲ. ಅವನಿಗೆ ಇದ್ದದ್ದು ಮೂರು ಚಕ್ರದ ಲಗೇಜ್ ಆಟೊ. ಇಲ್ಲಿಗೆ ಬಂದದ್ದೇ ಟಾಟಾ ಏಸ್.

ಟಾಟಾ ಏಸ್ 2005ರ ಮೇ ತಿಂಗಳಲ್ಲಿ ಬಂತು. ಗಿರೀಶ್ ವಾಘ್ ಎಂಬ ಎಂಜಿನಿಯರ್ ಅದರ ತಂಡದ ಮುಂದಾಳು. ಈ ತಂಡ ಕಾಗದದ ಮೇಲೆ ಗೆರೆ ಎಳೆಯುವ ಮೊದಲು ಮೂರು ಚಕ್ರದ ಗಾಡಿ ಓಡಿಸುವವರ ಬಳಿಗೆ ಹೋಗಿ ಮಾತನಾಡಿತು. ನಾಲ್ಕು ಚಕ್ರದ ಗಾಡಿ ಏಕೆ ಬೇಕೆಂದು ಕೇಳಿದಾಗ, ಅದಿದ್ದರೆ ಊರಿನಲ್ಲಿ ಒಳ್ಳೆಯ ಕಡೆಯಿಂದ ಹೆಣ್ಣು ಸಿಗುತ್ತದೆ ಎಂದು ಒಬ್ಬ ಹುಡುಗ ಹೇಳಿದನೆಂದು ಈ ಕಥೆಯನ್ನು ಬರೆದವರು ಹೇಳುತ್ತಾರೆ. ಮಂಡ್ಯದವರಿಗೆ ಇದು ನಗುವ ವಿಷಯವಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಗಾಡಿಯ ಆಯ್ಕೆಯಲ್ಲಿ 'ಗತ್ತು' ಎಂಬುದಕ್ಕೂ ಒಂದು ಬೆಲೆಯಿದೆ ಎಂಬುದನ್ನು ನಾವು ಒಪ್ಪಲೇಬೇಕು.

ಏಸ್ ಗಾಡಿಯ ಎಂಜಿನ್ ಹೇಗೆ ಬಂತೆಂಬುದು ತಾಂತ್ರಿಕ ವಿದ್ಯಾರ್ಥಿಗಳಿಗೆ ಪಾಠದಂತಿದೆ. ಟಾಟಾದವರ ಬಳಿ ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ, 1405 ಸಿ.ಸಿ. ಡೀಸೆಲ್ ಎಂಜಿನ್ ಇತ್ತು. ಅದನ್ನೇ ಅರ್ಧ ಮಾಡಿ ಎರಡು ಸಿಲಿಂಡರಿನ 702 ಸಿ.ಸಿ. ಎಂಜಿನ್ ಮಾಡಿದರು. ಶಕ್ತಿ 16 ಅಶ್ವಶಕ್ತಿ. ಅಂದರೆ 80 ವರ್ಷ ಹಿಂದಿನ ಫೋರ್ಡ್ ಪಿಕಪ್ಪಿಗಿಂತಲೂ ಕಡಿಮೆ! ಹೊರುವ ಭಾರ 750 ಕಿಲೋ. ಬೆಲೆ ಸುಮಾರು ಎರಡೂಕಾಲು ಲಕ್ಷ ರೂಪಾಯಿ. ಎಂಜಿನ್ನನ್ನು ಚಾಲಕನ ಆಸನದ ಅಡಿಯಲ್ಲಿ ಇಟ್ಟು, ಗಾಡಿಯ ಉದ್ದದಲ್ಲಿ ಹೆಚ್ಚಿನ ಪಾಲನ್ನು ಸರಕಿಗೆ ಬಿಟ್ಟರು. ತಿರುವಿನ ತ್ರಿಜ್ಯ 4.3 ಮೀಟರ್, ಆದ್ದರಿಂದ ಹಳ್ಳಿಯ ಇಕ್ಕಟ್ಟಾದ ಬೀದಿಯಲ್ಲಿಯೂ ತಿರುಗುತ್ತದೆ. 2017ರ ಹೊತ್ತಿಗೆ 20 ಲಕ್ಷ ಏಸ್ ಗಾಡಿಗಳು ಮಾರಾಟವಾಗಿದ್ದವು. ಉತ್ತರ ಭಾರತದಲ್ಲಿ ಜನ ಇದನ್ನು 'ಛೋಟಾ ಹಾಥಿ', ಅಂದರೆ ಪುಟ್ಟ ಆನೆ, ಎಂದು ಕರೆದರು.

ಮಹೀಂದ್ರಾದ ದಾರಿ ಬೇರೆ. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವುದರಿಂದ ಅದರ ವಾಹನೋದ್ಯಮ ಮೊದಲಾಯಿತು. ಬೊಲೆರೊ ಪಿಕಪ್ಪಿನ ಮುಂಭಾಗದ ಮೂಗು, ಅದರಡಿಯ ಎಂಜಿನ್, ಏಣಿಯಂಥ ಉಕ್ಕಿನ ಚೌಕಟ್ಟು, ಇವೆಲ್ಲ ಜೀಪಿನ ವಂಶದ ಲಕ್ಷಣಗಳು. ಟಾಟಾದವರು ಲಾರಿಯಿಂದ ಕೆಳಗಿಳಿದು ಸಣ್ಣ ಗಾಡಿಗೆ ಬಂದರು. ಮಹೀಂದ್ರಾದವರು ಜೀಪಿನ ಬೆನ್ನಿಗೆ ಹೊರೆ ಕಟ್ಟಿದರು ಎನ್ನಬಹುದು. ಅಶೋಕ್ ಲೇಲ್ಯಾಂಡ್ ಕೂಡ ಲಾರಿಯ ಮನೆತನವೇ. ಸಣ್ಣ ಗಾಡಿಯ ಅನುಭವ ಸಾಲದ್ದರಿಂದ ಜಪಾನಿನ ನಿಸ್ಸಾನ್ ಜತೆ ಕೂಡಿ 2011ರಲ್ಲಿ ದೋಸ್ತ್ ಎಂಬ ಗಾಡಿಯನ್ನು ತಂದಿತು. ಮೂರು ಸಿಲಿಂಡರಿನ 1478 ಸಿ.ಸಿ. ಡೀಸೆಲ್ ಎಂಜಿನ್, ಒಂದೂಕಾಲು ಟನ್ ಹೊರೆ. ತಯಾರಾದದ್ದು ನಮ್ಮ ಗಡಿಯಾಚೆಗಿನ ಹೊಸೂರಿನಲ್ಲಿ. ಹೆಸರು 'ದೋಸ್ತ್' ಆದರೂ ಕಂಪನಿಗಳ ದೋಸ್ತಿ ಉಳಿಯಲಿಲ್ಲ. 2016ರಲ್ಲಿ ನಿಸ್ಸಾನ್ ತನ್ನ ಪಾಲನ್ನು ಬಿಟ್ಟು ಹೊರನಡೆಯಿತು, ಗಾಡಿ ಮಾತ್ರ ಓಡುತ್ತಲೇ ಇದೆ. ಕೊನೆಗೆ ಬಂದದ್ದು ಕಾರಿನ ಕಂಪನಿಯಾದ ಮಾರುತಿ. 2016ರಲ್ಲಿ ಬಂದ ಅದರ ಸೂಪರ್ ಕ್ಯಾರಿ ಮೊದಲು 793 ಸಿ.ಸಿ. ಡೀಸೆಲ್ ಎಂಜಿನ್ನಿನಿಂದ ಓಡುತ್ತಿತ್ತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲನ್ನೇ ಬಿಟ್ಟಿತು. ಈಗ ಅದು ಪೆಟ್ರೋಲ್ ಮತ್ತು ಸಿ.ಎನ್.ಜಿ. ಗಾಡಿ.

ಇನ್ನು ಮನೆಯ ಮುಂದೆ ನಿಲ್ಲಿಸಿ ಮೆರೆಯುವ ಪಿಕಪ್ಪುಗಳೂ ಇವೆ. ಮದ್ದೂರಿನಿಂದ ಬೆಂಗಳೂರಿಗೆ ಹೋಗುವಾಗ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಸಿಗುತ್ತದಲ್ಲ, ಅದೇ ಕಂಪನಿ 2022ರಲ್ಲಿ ಹೈಲಕ್ಸ್ ಎಂಬ ಪಿಕಪ್ಪನ್ನು ಇಲ್ಲಿನ ಮಾರುಕಟ್ಟೆಗೆ ತಂದಿತು. ಜಗತ್ತಿನ ಅನೇಕ ದೇಶಗಳಲ್ಲಿ ರೈತರ, ಕೂಲಿಕಾರರ ನೆಚ್ಚಿನ ಗಾಡಿ ಅದು. ನಮ್ಮಲ್ಲಿ 2022ರಲ್ಲಿ ಅದರ ಆರಂಭದ ಬೆಲೆ ಸುಮಾರು 34 ಲಕ್ಷ ರೂಪಾಯಿ ಇತ್ತು. ಆ ಹಣಕ್ಕೆ ಎಳನೀರು ಹೊರುವವರು ಯಾರೂ ಇಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಈಗ ನಿಜವಾದ ತುಲನೆಗೆ ಬರೋಣ. ಗಾಡಿಯ ವಿವರಪಟ್ಟಿಯಲ್ಲಿ ನೀವು ಮೊದಲು ನೋಡಬೇಕಾದದ್ದು ಅಶ್ವಶಕ್ತಿಯಲ್ಲ, ಮೈಲೇಜೂ ಅಲ್ಲ. ನೋಡಬೇಕಾದದ್ದು ಎರಡು ತೂಕಗಳನ್ನು. ಒಂದು, ಗಾಡಿಯ ಖಾಲಿ ತೂಕ. ಇನ್ನೊಂದು, ಸರಕು, ಚಾಲಕ ಎಲ್ಲ ಸೇರಿ ಇರಬಹುದಾದ ಅತಿ ಹೆಚ್ಚಿನ ತೂಕ. ಇದನ್ನು ನೋಂದಣಿ ಪುಸ್ತಕದಲ್ಲಿ ಒಟ್ಟು ತೂಕ ಎಂದು ಬರೆದಿರುತ್ತಾರೆ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಮೊದಲ ಏಸ್ ಗಾಡಿಯ ಒಟ್ಟು ತೂಕ 1,550 ಕಿಲೋ, ಖಾಲಿ ತೂಕ ಸುಮಾರು 800. ಉಳಿದದ್ದು 750.

ಈ ಸಣ್ಣ ಕಳೆಯುವ ಲೆಕ್ಕದಲ್ಲಿ ಬಹಳ ಗುಟ್ಟುಗಳಿವೆ. ಗಾಡಿ ಕೊಂಡ ಮರುದಿನ ನಮ್ಮವರು ಅದನ್ನು ಬಾಡಿ ಕಟ್ಟಿಸುವ ಅಂಗಡಿಗೆ ಒಯ್ಯುತ್ತಾರೆ. ಕಬ್ಬಿಣದ ಎತ್ತರದ ಕಟಕಟೆ, ಮುಂದೆ ಗಾರ್ಡು, ಮೇಲೆ ಕ್ಯಾರಿಯರ್, ತಳಕ್ಕೆ ಇನ್ನೊಂದು ತಗಡು. ಇದೆಲ್ಲ 100 ಕಿಲೋ ಆಯಿತೆನ್ನಿ. ಒಟ್ಟು ತೂಕದ ಮಿತಿ ಬೆಳೆಯುವುದಿಲ್ಲವಾದ್ದರಿಂದ ಹೊರೆಯಲ್ಲಿ 100 ಕಿಲೋ ಹೋಯಿತು. ಅಂದರೆ ಗಾಡಿ ಇರುವಷ್ಟು ಕಾಲ, ದಿನವೂ, 50 ಎಳನೀರಿನ ಜಾಗದಲ್ಲಿ ಕಬ್ಬಿಣವನ್ನು ಪುಕ್ಕಟೆಯಾಗಿ ಹೊತ್ತು ತಿರುಗಿದಂತೆ. ಸಿ.ಎನ್.ಜಿ. ಗಾಡಿಯಲ್ಲಿಯೂ ಹೀಗೆಯೇ. ಸೂಪರ್ ಕ್ಯಾರಿಯ ಪೆಟ್ರೋಲ್ ಗಾಡಿ 740 ಕಿಲೋ ಹೊರುತ್ತದೆ. ಅದೇ ಗಾಡಿಗೆ ಸಿ.ಎನ್.ಜಿ. ಸಿಲಿಂಡರ್ ಕೂಡಿಸಿದರೆ 625 ಕಿಲೋ. ಇಂಧನ ಅಗ್ಗ, ಹೊರೆ ಕಡಿಮೆ. ಯಾವುದು ಲಾಭ ಎಂಬುದು ನೀವು ಸಾಗಿಸುವ ಸರಕನ್ನು ಅವಲಂಬಿಸಿದೆ, ಮತ್ತು ಸಿ.ಎನ್.ಜಿ. ಬಂಕು ನಿಮ್ಮ ಊರಿನಿಂದ ಎಷ್ಟು ದೂರ ಎಂಬುದನ್ನೂ.

ಸರಕು ಎಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಲ್ಲ ಭಾರವಾದ ಸರಕು; ಆಲೆಮನೆಯಿಂದ ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಹೊರುವವನ ಗಾಡಿಯಲ್ಲಿ ಜಾಗ ತುಂಬುವ ಮೊದಲೇ ತೂಕ ತುಂಬುತ್ತದೆ. ರೇಷ್ಮೆ ಗೂಡು ಹಗುರ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವವನಿಗೆ ತೂಕದ ಚಿಂತೆಯಿಲ್ಲ. ಗೂಡು ಒತ್ತಿ ಹಾಳಾಗದಂತೆ ಅಗಲವಾದ ಜಾಗ ಬೇಕು, ಮತ್ತು ಹರಾಜಿನ ಹೊತ್ತಿಗೆ ಮುಟ್ಟಬೇಕು. ಅವನಿಗೆ ಎರಡು ಟನ್ ಹೊರುವ ಗಾಡಿಯಿಂದ ಏನು ಪ್ರಯೋಜನ? ಎಳನೀರು ಇವೆರಡರ ನಡುವಿನದು. ತೂಕವೂ ಉಂಟು, ಜಾಗವನ್ನೂ ತಿನ್ನುತ್ತದೆ. ಗೆಜ್ಜಲಗೆರೆಯ ಡೇರಿಗೆ ಸಂಬಂಧಿಸಿದ ಹಾಲಿನ ಸಾಗಣೆಯಾದರೆ ಮತ್ತೆ ಬೇರೆ. ಅಲ್ಲಿ ಗಾಡಿ ಒಂದು ದಿನವೂ ಕೆಟ್ಟು ನಿಲ್ಲಬಾರದು. ಆದ್ದರಿಂದ 'ಯಾವ ಕಂಪನಿ ಒಳ್ಳೆಯದು' ಎಂಬ ಪ್ರಶ್ನೆಗೆ ಮುಂಚೆ 'ಏನನ್ನು ಹೊರುತ್ತೀರಿ' ಎಂಬ ಪ್ರಶ್ನೆ ಬರಬೇಕು. ಗಾಡಿಯ ಅಂಗಡಿಯಲ್ಲಿ ಇದನ್ನು ಕೇಳುವವರು ಕಡಿಮೆ.

ನಮ್ಮ ಚಿಕ್ಕಪ್ಪನಿಗಾಗಿ ಈಗ ಒಂದು ಲೆಕ್ಕ ಮಾಡೋಣ. ಇದರಲ್ಲಿನ ಅಂಕಿಗಳು ಲೆಕ್ಕದ ಸಲುವಾಗಿ ಹಿಡಿದವು. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಹಾಕಿ ನೀವೇ ಮತ್ತೆ ಮಾಡಿ ನೋಡಬಹುದು. ಒಂದು ಎಳನೀರಿಗೆ ಎರಡು ಕಿಲೋ ತೂಕವೆಂದು ಇಟ್ಟುಕೊಳ್ಳೋಣ. ಮುಕ್ಕಾಲು ಟನ್ನಿನ ಚಿಕ್ಕ ಗಾಡಿ 375 ಎಳನೀರು ಹೊರುತ್ತದೆ, ಒಂದೂವರೆ ಟನ್ನಿನ ಪಿಕಪ್ 750. ಮದ್ದೂರಿನಿಂದ ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್, ಹೋಗಿಬರಲು 160.

ಗಾಡಿ ನಿಂತಿದ್ದರೂ ಕಟ್ಟಲೇಬೇಕಾದ ಖರ್ಚು ಒಂದಿದೆ. ಸಾಲದ ಕಂತು, ವಿಮೆ, ತೆರಿಗೆ ಇತ್ಯಾದಿ. ಇದು ಚಿಕ್ಕ ಗಾಡಿಗೆ ತಿಂಗಳಿಗೆ 15,000 ರೂಪಾಯಿ, ಪಿಕಪ್ಪಿಗೆ 24,000 ಎನ್ನಿ. ಓಡಿದರೆ ಆಗುವ ಖರ್ಚು ಇನ್ನೊಂದು. ಇಂಧನ ಲೀಟರಿಗೆ 90 ರೂಪಾಯಿ. ಚಿಕ್ಕ ಗಾಡಿ ಲೀಟರಿಗೆ 18 ಕಿಲೋಮೀಟರ್, ಪಿಕಪ್ 12. ಟೈರು, ಆಯಿಲ್, ರಿಪೇರಿ ಸೇರಿಸಿದರೆ ಚಿಕ್ಕದಕ್ಕೆ ಕಿಲೋಮೀಟರಿಗೆ 7 ರೂಪಾಯಿ, ಪಿಕಪ್ಪಿಗೆ 10 ಎಂದಾಗುತ್ತದೆ. ಟೋಲ್ ಹಣವನ್ನು ಸದ್ಯಕ್ಕೆ ಬಿಡೋಣ.

ತಿಂಗಳಿಗೆ 10 ಸಲ ಹೋಗಿಬಂದರೆ ಚಿಕ್ಕ ಗಾಡಿಯ ಒಟ್ಟು ಖರ್ಚು 26,200. ಒಂದು ಸಲಕ್ಕೆ 2,620. ಒಂದು ಎಳನೀರಿಗೆ ಸುಮಾರು 7 ರೂಪಾಯಿ. ಪಿಕಪ್ಪಿನ ಒಟ್ಟು ಖರ್ಚು 40,000. ಒಂದು ಸಲಕ್ಕೆ 4,000. ತುಂಬಿ ಹೋದರೆ ಎಳನೀರಿಗೆ ಸುಮಾರು 5 ರೂಪಾಯಿ 33 ಪೈಸೆ. ಹುಡುಗ ಗೆದ್ದನಲ್ಲವೆ? ಸ್ವಲ್ಪ ತಾಳಿ. ಪಿಕಪ್ಪಿಗೆ 400 ಎಳನೀರು ಮಾತ್ರ ಸಿಕ್ಕ ದಿನ ಅದೇ ಖರ್ಚು ಒಂದಕ್ಕೆ 10 ರೂಪಾಯಿಗೆ ಏರುತ್ತದೆ. ಎರಡು ಗಾಡಿಗಳೂ ಸಮನಾಗುವುದು ಪಿಕಪ್ಪಿನಲ್ಲಿ ಸುಮಾರು 570 ಎಳನೀರು ಇದ್ದಾಗ. ಸರಾಸರಿ ಅದಕ್ಕಿಂತ ಹೆಚ್ಚು ಸಿಗುವ ಭರವಸೆಯಿದ್ದರೆ ಪಿಕಪ್, ಇಲ್ಲವಾದರೆ ಚಿಕ್ಕ ಗಾಡಿ. ತಿಂಗಳಿಗೆ 10ರ ಬದಲು 20 ಸಲ ಓಡಿದರೆ ಚಿಕ್ಕ ಗಾಡಿಯಲ್ಲಿಯೂ ಎಳನೀರಿಗೆ 5 ರೂಪಾಯಿಗೆ ಇಳಿಯುತ್ತದೆ ಎಂಬುದನ್ನೂ ಗಮನಿಸಿ. ಅಂದರೆ ಹತ್ತು ಸಲ ತುಂಬಿ ಓಡುವ ದೊಡ್ಡ ಗಾಡಿಗಿಂತ ಇಪ್ಪತ್ತು ಸಲ ತುಂಬಿ ಓಡುವ ಚಿಕ್ಕ ಗಾಡಿ ಅಗ್ಗ. ಕಂತು ಕಟ್ಟುವವನು ಯಾರು ಎಂದು ಕೇಳಿದ ಚಿಕ್ಕಪ್ಪನವರ ಪ್ರಶ್ನೆ ಇದೇ. ಅವರಿಗೆ ಸೂತ್ರ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಿದೆ.

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಚಿಕ್ಕ ಗಾಡಿಯನ್ನೇ ಕೊಂಡು ಅದರಲ್ಲೇ ಒಂದೂವರೆ ಟನ್ ಹೇರಿದರಾಯಿತಲ್ಲ? ಎಲ್ಲರೂ ಹೇರುತ್ತಾರಲ್ಲ? ಹೌದು, ಹೇರುತ್ತಾರೆ. ಅದಕ್ಕೆ ಭೌತಶಾಸ್ತ್ರ ಏನು ಹೇಳುತ್ತದೆಂದು ನೋಡೋಣ. ಓಡುವ ವಸ್ತುವಿನ ಚಲನಶಕ್ತಿ ಅದರ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. 1,550 ಕಿಲೋ ತೂಕದ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 215 ಕಿಲೋಜೂಲ್. ಅದರಲ್ಲಿ ಒಂದೂವರೆ ಟನ್ ಹೇರಿದರೆ ಒಟ್ಟು 2,300 ಕಿಲೋ. ಚಲನಶಕ್ತಿ 320 ಕಿಲೋಜೂಲಿನಷ್ಟಾಗುತ್ತದೆ. ಬ್ರೇಕು ಒತ್ತಿದಾಗ ಈ ಶಕ್ತಿಯೆಲ್ಲ ಬ್ರೇಕಿನ ತಟ್ಟೆಗಳಲ್ಲಿ, ಡ್ರಮ್ಮುಗಳಲ್ಲಿ ಶಾಖವಾಗಿ ಕರಗಬೇಕು. ಅವುಗಳನ್ನು ಮಾಡಿದ್ದು 215ಕ್ಕೆ. ಹೆಚ್ಚುವರಿ 105 ಕಿಲೋಜೂಲ್ ಎಲ್ಲಿಗೆ ಹೋಗಬೇಕು? ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಆ ದೂರದಲ್ಲಿ ರಸ್ತೆ ದಾಟುವ ಮಗು ಇರಬಹುದು, ಮುಂದಿನ ಕಬ್ಬಿನ ಟ್ರ್ಯಾಕ್ಟರ್ ಇರಬಹುದು.

ಭಾರ ಎಷ್ಟು ಎಂಬುದರಂತೆಯೇ ಎಲ್ಲಿದೆ ಎಂಬುದೂ ಮುಖ್ಯ. ಸರಕು ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಚಾಚಿಕೊಂಡರೆ ಅಚ್ಚು ತಿರುಗುಬಿಂದುವಾಗಿ, ಗಾಡಿ ಮಕ್ಕಳಾಡುವ ಏರಿಳಿ ಹಲಗೆಯಂತಾಗುತ್ತದೆ. ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗುತ್ತದೆ. ಸ್ಟೀರಿಂಗ್ ಹಗುರವಾಯಿತೆಂದು ಚಾಲಕ ಸಂತೋಷಪಡಬಾರದು. ಚಕ್ರಗಳಿಗೆ ರಸ್ತೆಯ ಮೇಲಿನ ಹಿಡಿತ ತಪ್ಪಿದೆ ಎಂದು ಅದರ ಅರ್ಥ. ಎತ್ತರಕ್ಕೆ ಹೇರಿದರೆ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಮಗುಚುತ್ತದೆ. ನಾಲೆಯ ಏರಿಯ ಮೇಲೆ ಇದು ಏನಾಗಬಹುದೆಂದು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ನಮ್ಮ ಲೆಕ್ಕದ ಚಿಕ್ಕ ಗಾಡಿಯವನು ಒಂದು ಸಲ ಸಿಕ್ಕಿಬಿದ್ದರೆ ತಿಂಗಳ ಕಂತು, ವಿಮೆ ಎಲ್ಲಕ್ಕಿಂತ ಹೆಚ್ಚು ಹೋಯಿತು.

ಕಾನೂನಿನ ಇನ್ನೂ ಎರಡು ಅಂಶಗಳು ಗಾಡಿಯ ಆಯ್ಕೆಗೆ ನೇರವಾಗಿ ಸಂಬಂಧಿಸಿವೆ. ಇದೇ ಕಾಯಿದೆಯ 66ನೆಯ ಪ್ರಕರಣದಂತೆ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ರಹದಾರಿ, ಅಂದರೆ ಪರ್ಮಿಟ್, ಬೇಕಿಲ್ಲ. ಕೆಲವು ಪಿಕಪ್ಪುಗಳ ಒಟ್ಟು ತೂಕ ಈ ಗೆರೆಗೆ ತುಸು ಕೆಳಗೆ ಬಂದು ನಿಲ್ಲುವುದು ಆಕಸ್ಮಿಕವಲ್ಲ. ಹೊರೆ ಹೆಚ್ಚಿನ ಮಾದರಿಗಳು ಗೆರೆಯನ್ನು ದಾಟುತ್ತವೆ. ಅವಕ್ಕೆ ಪರ್ಮಿಟ್ ಬೇಕು. ಒಂದೇ ಕಂಪನಿಯ, ಒಂದೇ ಹೆಸರಿನ, ನೋಡಲು ಒಂದೇ ತೆರನಾದ ಎರಡು ಗಾಡಿಗಳಲ್ಲಿ ಒಂದಕ್ಕೆ ಪರ್ಮಿಟ್ ಬೇಕು, ಇನ್ನೊಂದಕ್ಕೆ ಬೇಡ ಎಂಬ ಪರಿಸ್ಥಿತಿ ಹೀಗೆ ಹುಟ್ಟುತ್ತದೆ.

ಎರಡನೆಯದು ಚಾಲನಾ ಪರವಾನಗಿ. ಕಾರು ಓಡಿಸಲು ಕೊಡುವ ಲಘು ವಾಹನದ ಪರವಾನಗಿ ಇದ್ದವನು ಸರಕು ಗಾಡಿ ಓಡಿಸಬಹುದೇ ಎಂಬ ಬಗ್ಗೆ ಬಹುಕಾಲ ವಿವಾದವಿತ್ತು. ಅಪಘಾತವಾದಾಗ ಪರವಾನಗಿ ಸರಿಯಿಲ್ಲವೆಂದು ವಿಮಾ ಕಂಪನಿಗಳು ಪರಿಹಾರ ನಿರಾಕರಿಸುತ್ತಿದ್ದವು. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ತೀರ್ಪಿತ್ತಿತು. ನಾವು ಮಾತನಾಡುತ್ತಿರುವ ಏಸ್, ದೋಸ್ತ್, ಬೊಲೆರೊ ಎಲ್ಲವೂ ಈ ಮಿತಿಯೊಳಗೆ ಬರುತ್ತವೆ. ಗಾಡಿ ಓಡಿಸಿ ಹೊಟ್ಟೆ ಹೊರೆಯುವ ಹುಡುಗರಿಗೆ ಈ ತೀರ್ಪಿನಿಂದ ದೊಡ್ಡ ಭಯವೊಂದು ತಪ್ಪಿದೆ.

ರಸ್ತೆಯ ವಿಷಯ ಬಂತು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಅವು ಪಕ್ಕದ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಮೂರು ಚಕ್ರದ ಲಗೇಜ್ ಆಟೊ ಮತ್ತು ನಾಲ್ಕು ಚಕ್ರದ ಚಿಕ್ಕ ಗಾಡಿಯ ನಡುವಿನ ಅಂತರ ಹೀಗೆ ಒಂದೇ ದಿನದಲ್ಲಿ ಹಿಗ್ಗಿತು. ಮದ್ದೂರು ಪೇಟೆಯೊಳಗೇ ತಿರುಗುವವನಿಗೆ ಲಗೇಜ್ ಆಟೊ ಇಂದಿಗೂ ಸಾಕು. ಬೆಂಗಳೂರಿನ ಬಾಡಿಗೆಯ ಆಸೆಯಿರುವವನು ನಾಲ್ಕನೆಯ ಚಕ್ರಕ್ಕೆ ಹಣ ಕೊಡಲೇಬೇಕು. ಆ ವೇಗದ ರಸ್ತೆಯಲ್ಲಿ ಚಿಕ್ಕ ಎಂಜಿನ್ನಿನ, ಚಿಕ್ಕ ಟೈರಿನ ಗಾಡಿ ಹಿಂದಿನಿಂದ ಬರುವ ಕಾರುಗಳಿಗೆ ನಿಂತೇ ಇರುವಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ, ವಾರದ ಬಹುಪಾಲು ದಿನ ಬೆಂಗಳೂರಿಗೆ ಓಡುವವನು ತುಸು ದೊಡ್ಡ ಗಾಡಿಯನ್ನೇ ನೋಡುವುದು ಮೇಲು. ಮೇಲೆ ಹೇಳಿದ 570ರ ಲೆಕ್ಕ ಕೂಡಿಬಂದರೆ ಮಾತ್ರ, ಅದು ಬೇರೆ.

ಎಂಜಿನ್ ಎಲ್ಲಿದೆ ಎಂಬುದನ್ನೂ ನೋಡಿ. ಏಸ್, ದೋಸ್ತ್, ಸೂಪರ್ ಕ್ಯಾರಿಗಳಲ್ಲಿ ಅದು ಆಸನದಡಿಯಲ್ಲಿದೆ. ಇದರಿಂದ ಸರಕಿಗೆ ಜಾಗ ಹೆಚ್ಚು, ಚಾಲಕನಿಗೆ ಮುಂದಿನ ರಸ್ತೆ ಹತ್ತಿರದಿಂದ ಕಾಣುತ್ತದೆ. ಆದರೆ ಬೇಸಗೆಯಲ್ಲಿ ಆಸನ ಕಾಯುತ್ತದೆ. ಮುಂದೆ ಡಿಕ್ಕಿಯಾದರೆ ಚಾಲಕನ ಕಾಲಿಗೂ ಎದುರಿನ ಗಾಡಿಗೂ ನಡುವೆ ಇರುವುದು ತೆಳುವಾದ ತಗಡು. ಬೊಲೆರೊದಂಥ ಮೂಗಿನ ಗಾಡಿಯಲ್ಲಿ ಎಂಜಿನ್ ಮುಂದೆ ಇರುವುದರಿಂದ ಡಿಕ್ಕಿಯ ಪೆಟ್ಟನ್ನು ತಿನ್ನಲು ಸ್ವಲ್ಪ ಉದ್ದವಿರುತ್ತದೆ. ಅದಕ್ಕೆ ಬದಲಾಗಿ ಅಷ್ಟೇ ಉದ್ದದ ಗಾಡಿಯಲ್ಲಿ ಸರಕಿನ ತಟ್ಟು ಚಿಕ್ಕದಾಗುತ್ತದೆ, ತಿರುಗಲು ಜಾಗ ಹೆಚ್ಚು ಬೇಕಾಗುತ್ತದೆ. ವೈದ್ಯನಾಥಪುರದಂಥ ಊರಿನ ಒಳಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ಎಳೆದಾಡಬೇಕಾದೀತು.

ಮೈಲೇಜಿನ ಬಗ್ಗೆ ಒಂದೇ ಮಾತು. ಜಾಹೀರಾತಿನಲ್ಲಿ ಕಾಣುವ ಅಂಕಿ ನಿಗದಿತ ಪರೀಕ್ಷೆಯಲ್ಲಿ ಸಿಕ್ಕಿದ್ದು, ಹೇರಿದ ಭಾರ, ಕೆಸರಿನ ದಾರಿ, ಪೇಟೆಯ ಗೇರು ಬದಲಾವಣೆಯಲ್ಲಿ ಸಿಕ್ಕಿದ್ದಲ್ಲ. ನಿಮ್ಮ ಊರಿನಲ್ಲಿ ಅದೇ ಗಾಡಿಯನ್ನು ಎರಡು ವರ್ಷ ಓಡಿಸಿದವರನ್ನು ಕೇಳಿ. ಬಿಡಿಭಾಗ ಮದ್ದೂರಿನಲ್ಲೇ ಸಿಗುತ್ತದೆಯೇ, ಮಂಡ್ಯಕ್ಕೆ ಹೋಗಬೇಕೇ, ಐದು ವರ್ಷದ ಹಳೆಯ ಗಾಡಿಗೆ ಏನು ಬೆಲೆ ಬರುತ್ತದೆ, ಇವನ್ನೂ ಅವರಿಂದಲೇ ತಿಳಿಯಬೇಕು. ಗಾಡಿ ನಿಂತ ದಿನವೂ ಕಂತು ಓಡುತ್ತಲೇ ಇರುತ್ತದೆ.

ಕೊನೆಯದಾಗಿ ವಿದ್ಯುತ್ ಗಾಡಿಯ ಮಾತು. ಟಾಟಾ ಕಂಪನಿ 2022ರಲ್ಲಿ ಏಸ್ ಗಾಡಿಯ ವಿದ್ಯುತ್ ರೂಪವನ್ನು ಪ್ರಕಟಿಸಿತು. 21.3 ಕಿಲೋವ್ಯಾಟ್-ಗಂಟೆಯ ಬ್ಯಾಟರಿ, 600 ಕಿಲೋ ಹೊರೆ. ಒಂದು ಸಲ ತುಂಬಿದರೆ ಪರೀಕ್ಷೆಯಲ್ಲಿ 154 ಕಿಲೋಮೀಟರ್. 2024ರಲ್ಲಿ ಒಂದು ಟನ್ ಹೊರುವ, 161 ಕಿಲೋಮೀಟರ್ ಹೋಗುವ ಮಾದರಿ ಬಂತು. ಅದೇ ವರ್ಷ ಮಹೀಂದ್ರಾ ಕೂಡ ಜಿಯೋ ಎಂಬ ವಿದ್ಯುತ್ ಗಾಡಿಯನ್ನು ತಂದಿತು. ಮದ್ದೂರಿನಿಂದ ಬೆಂಗಳೂರಿಗೆ ಹೋಗಿಬರಲು 160 ಕಿಲೋಮೀಟರ್ ಎಂದು ಆಗಲೇ ಲೆಕ್ಕ ಹಾಕಿದೆವು. ಮೊದಲ ಮಾದರಿ 6 ಕಿಲೋಮೀಟರ್ ಮೊದಲೇ ನಿಲ್ಲುತ್ತದೆ. ಎರಡನೆಯದು ಕಾಗದದ ಮೇಲೆ ಮಾತ್ರ ಊರು ಮುಟ್ಟುತ್ತದೆ. ಬೆಂಗಳೂರಿನಲ್ಲಿ ಸರಕು ಇಳಿಸುವ ಹೊತ್ತಿನಲ್ಲಿ ಚಾರ್ಜ್ ಮಾಡಲು ಸ್ಥಳವಿದ್ದರೆ ಮಾತು ಬೇರೆ. ಆದರೆ ಹಳ್ಳಿಯಿಂದ ಮದ್ದೂರು ಮಾರುಕಟ್ಟೆಗೆ, ಅಲ್ಲಿಂದ 20 ಕಿಲೋಮೀಟರಿನಷ್ಟು ದೂರದ ಮಂಡ್ಯಕ್ಕೆ ದಿನಕ್ಕೆ ಎರಡು ಮೂರು ಸಲ ಓಡಾಡುವವನಿಗೆ ಇದು ಸಾಕಾಗುತ್ತದೆ. ಅವನ ಲೆಕ್ಕದಲ್ಲಿ ಗಾಡಿಯ ಬೆಲೆ ಹೆಚ್ಚು, ಕಿಲೋಮೀಟರಿನ ಖರ್ಚು ಬಹಳ ಕಡಿಮೆ. ಆದ್ದರಿಂದ ತಿಂಗಳಿಗೆ ಎಷ್ಟು ಸಲ ಓಡಿದರೆ ಅದು ಡೀಸೆಲ್ ಗಾಡಿಯನ್ನು ಹಿಂದೆ ಹಾಕುತ್ತದೆ ಎಂಬುದನ್ನು ಕಂಡುಹಿಡಿಯಬೇಕು. ಲೆಕ್ಕದ ವಿಧಾನ ಈಗ ನಿಮ್ಮ ಬಳಿ ಇದೆ. ನಿಮ್ಮ ಊರಿನ ವಿದ್ಯುತ್ ದರ, ಗಾಡಿಯ ಕಂತು, ಬಾಡಿಗೆ ದರ, ಈ ಮೂರನ್ನು ಕೇಳಿ ತಿಳಿದುಕೊಂಡು ಇಂದು ರಾತ್ರಿಯೇ ಮಾಡಿನೋಡಿ.